ಮತ್ತೆ ಒಳಹೊಗುವ ದಾರಿ, ಮುಚ್ಚಬೇಕಾದ ಫೈಲು

ತೆರೆದ ಫೈಲನ್ನು ಮುಚ್ಚುವುದು ಪ್ರೋಗ್ರಾಮಿಂಗಿನಲ್ಲಿ ತೀರ ಚಿಕ್ಕ ಕೆಲಸ. ಫಂಕ್ಷನಲ್ ಭಾಷೆಗಳ ಅತಿ ಬಲವಾದ ಸಾಧನ ಎಡವಿದ್ದು ಇಲ್ಲಿಯೇ. ಆ ಸಾಧನ ಕಂಟಿನ್ಯುಯೇಶನ್: ಲೆಕ್ಕಾಚಾರದ ನಡುವೆ ನಿಂತು, ಮುಂದೆ ಆಗಬೇಕಾದ್ದೆಲ್ಲವನ್ನೂ ಒಂದು ಫಂಕ್ಷನ್ನಾಗಿ ಹಿಡಿದಿಡುವುದು. ವಾನ್ ವೈನ್‌ಗಾರ್ಡನ್ 1964ರಲ್ಲೇ ಇದರ ರೂಪವನ್ನು ತೋರಿಸಿದ್ದರು. ಆಕ್ಸ್‌ಫರ್ಡಿನ ಸ್ಟ್ರೇಚಿ ಮತ್ತು ವಾಡ್ಸ್‌ವರ್ತ್ 1974ರಲ್ಲಿ ಪ್ರೋಗ್ರಾಮಿನ ಜಿಗಿತಗಳಿಗೆ ಗಣಿತದ ಅರ್ಥ ಕೊಡಲು ಬಳಸಿದರು. ಎಂಐಟಿಯಲ್ಲಿ ಹುಟ್ಟಿದ ಸ್ಕೀಮ್ ಭಾಷೆ ಅದನ್ನು ಪ್ರೋಗ್ರಾಮರರ ಕೈಗೇ ಕೊಟ್ಟಿತು: ಹೊರಗೆ ಜಿಗಿಯಬಹುದು, ಬಿಟ್ಟುಬಂದ ಕೆಲಸದೊಳಕ್ಕೆ ಎಷ್ಟು ಸಲ ಬೇಕಾದರೂ ಹೊಗಬಹುದು. ಕೆಲಸ ಹೇಗೇ ನಿಂತರೂ ಫೈಲು ಮುಚ್ಚುತ್ತದೆಂದು ಲಿಸ್ಪ್‌ನ ಅನ್‌ವೈಂಡ್-ಪ್ರೊಟೆಕ್ಟ್ ಭರವಸೆ ಕೊಡುತ್ತಿತ್ತು. ಹೊರಬಿದ್ದ ಮೇಲೆ ಮರಳುವುದಿಲ್ಲ ಎಂಬುದೇ ಅದರ ತಳಹದಿ. ಮರಳಬಹುದಾದರೆ, ಹೊರಬಿದ್ದ ಗಳಿಗೆ ಕೆಲಸದ ಕೊನೆಯೋ ನಡುವಿನ ಬಿಡುವೋ ಹೇಳುವವರಾರು?

ಸ್ಕೀಮ್ ಬಳಗದ ಬಳಿ ಇದಕ್ಕೆ ಉತ್ತರವಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದ ಫ್ರೀಡ್‌ಮನ್ ಮತ್ತು ಹೇನ್ಸ್ 1980ರ ದಶಕದಲ್ಲಿ ಚರ್ಚಿಸಿದ ಡೈನಮಿಕ್-ವೈಂಡ್, 1998ರ ಸ್ಕೀಮ್ ವರದಿಯಲ್ಲಿ ಸೇರಿತು. ಒಳಹೊಕ್ಕಾಗಲೆಲ್ಲ ಒಂದು ತುಣುಕು, ಹೊರಬಂದಾಗಲೆಲ್ಲ ಇನ್ನೊಂದು ತುಣುಕು ಓಡುತ್ತದೆ. ವೇರಿಯಬಲ್ ಒಂದರ ಬೆಲೆಯನ್ನು ಸ್ವಲ್ಪ ಹೊತ್ತು ಬದಲಿಸಿ ಮತ್ತೆ ಸರಿಪಡಿಸಲು ಇದು ಸೊಗಸಾದ ಉಪಾಯ. ಫೈಲಿಗೆ ಒಗ್ಗದು. ಕಂಟಿನ್ಯುಯೇಶನ್‌ಗಳಿಂದಲೇ ಥ್ರೆಡ್ ಕಟ್ಟಿದರೆ ಸರದಿ ಬದಲಾದಾಗಲೆಲ್ಲ ಫೈಲು ಮುಚ್ಚಿ ತೆರೆಯಬೇಕಾಗುತ್ತದೆ. ನೆಟ್‌ವರ್ಕ್ ಸಂಪರ್ಕವನ್ನು ಕಡಿದು ಜೋಡಿಸಿದರೆ ಆಚೆ ತುದಿಗೆ ಅದು ಹೊಸ ಸಂಪರ್ಕವೇ.

ಹಾಗಾಗಿ ಮುಂದಿನ ಭಾಷೆಗಳು ಕಂಟಿನ್ಯುಯೇಶನ್ನಿಗೇ ಎಲ್ಲೆ ಹಾಕಿದವು. ನನ್ನ ಮಟ್ಟಿಗೆ ಇದು ಸೋಲಲ್ಲ, ಗಳಿಕೆ. ಹ್ಯಾಸ್ಕೆಲ್‌ನ ಬ್ರಾಕೆಟ್‌ಗೆ ಪಡೆಯುವ, ಬಿಡುವ ಮತ್ತು ಬಳಸುವ ಮೂರು ಭಾಗಗಳನ್ನು ಒಪ್ಪಿಸುತ್ತೇವೆ. ಬಳಸುವ ಭಾಗವೇ ಇಲ್ಲಿ ಮುಂದಿನ ಕೆಲಸ; ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ, ನಾವೇ ಗಡಿ ಗೊತ್ತುಮಾಡಿ ಕೊಡುತ್ತೇವೆ. ಬಳಸುವ ಭಾಗದಿಂದ ಫೈಲಿನ ಹ್ಯಾಂಡಲ್ ಹೊರಗೆ ನುಸುಳಬಹುದೆಂಬ ಆಕ್ಷೇಪ ನಿಜ. ಅದನ್ನು ಟೈಪುಗಳಿಂದಲೇ ತಡೆಯುವ ದಾರಿಯನ್ನು ಕಿಸೆಲ್ಯೊವ್ ಮತ್ತು ಶಾನ್ 2008ರಲ್ಲಿ ತೋರಿಸಿದರು. 2022ರ ಓಕ್ಯಾಮಲ್ 5.0 ಇನ್ನೂ ಬಿಗಿ: ಮದ್ರಾಸ್ ಐಐಟಿಯ ಕೆ.ಸಿ. ಶಿವರಾಮಕೃಷ್ಣನ್ ಪ್ರಮುಖ ಪಾತ್ರ ವಹಿಸಿದ ಈ ಆವೃತ್ತಿಯಲ್ಲಿ ಕಂಟಿನ್ಯುಯೇಶನ್ ಒಂದೇ ಸಲ ಮುಂದುವರಿಯಬಲ್ಲದು, ಎರಡನೆಯ ಯತ್ನಕ್ಕೆ ಎಕ್ಸೆಪ್ಶನ್. ಹಲವು ದಾರಿಗಳನ್ನು ಮತ್ತೆ ಮತ್ತೆ ಪರೀಕ್ಷಿಸುವ ಹುಡುಕಾಟಗಳಿಗೆ ಇದರಿಂದ ನಷ್ಟ ಉಂಟು, ಒಪ್ಪುತ್ತೇನೆ. ಆದರೆ ಅಂಥವು ಫೈಲು ಹಿಡಿದು ಕೂರುವುದು ವಿರಳ. ಅವನ್ನು ಲಿಸ್ಟುಗಳಿಂದಲೂ ಕಟ್ಟಬಹುದು. ಹೆಚ್ಚು ಕಾಡುವ ತೊಡಕು ಬೇರೆ. ಹಿಡಿದ ಕಂಟಿನ್ಯುಯೇಶನ್ನನ್ನು ಮುಂದುವರಿಸದೆ, ರದ್ದೂ ಮಾಡದೆ ಮರೆತುಬಿಟ್ಟರೆ, ಅದರೊಳಗೆ ತೆರೆದಿದ್ದ ಫೈಲನ್ನು ಮುಚ್ಚಬೇಕಾದ ಕೋಡ್ ಎಂದೂ ಓಡುವುದಿಲ್ಲ. ಓಕ್ಯಾಮಲ್ ಆ ಹೊಣೆಯನ್ನು ಇಂದಿಗೂ ಬರೆಯುವವರಿಗೇ ಬಿಟ್ಟಿದೆ.