ಲೈಫ್ ಕೋಚ್ ಮಾಡುವ ಕೆಲಸವೇನು?

ಕ್ರಿಕೆಟ್ ಕೋಚ್ ಎಂದರೆ ನೆಟ್ಸ್ ಬಳಿ ನಿಂತು ಬ್ಯಾಟು ಹಿಡಿಯುವ ಬಗೆಯನ್ನು ತಿದ್ದುವವರು. ಲೈಫ್ ಕೋಚ್ ಎಂದಾಕ್ಷಣ ಬದುಕನ್ನೂ ಹಾಗೆಯೇ ತಿದ್ದಿಕೊಡುವವರೆಂಬ ಭಾವನೆ ಮೂಡುವುದು ಸಹಜ. ಆದರೆ ಈ ವೃತ್ತಿ ನಿಂತಿರುವುದು ಬೇರೊಂದು ತತ್ತ್ವದ ಮೇಲೆ. ಇಲ್ಲಿ ಕೋಚ್ ಉಪದೇಶ ನೀಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಉತ್ತರ ಹುಡುಕುವ ಹೊಣೆ ಗ್ರಾಹಕರದು.

ಈ ಪದ್ಧತಿಯ ಬೇರು ಕೂಡ ಆಟದ ಅಂಗಳದಲ್ಲಿಯೇ ಇದೆ. ಅಮೆರಿಕದ ಟೆನಿಸ್ ತರಬೇತುದಾರ ತಿಮೊಥಿ ಗಾಲ್ವೇ 1974ರಲ್ಲಿ 'ದಿ ಇನ್ನರ್ ಗೇಮ್ ಆಫ್ ಟೆನಿಸ್' ಎಂಬ ಪುಸ್ತಕ ಪ್ರಕಟಿಸಿದರು. ಆಟಗಾರನಿಗೆ ಸೂಚನೆಗಳ ಮಳೆಗರೆಯುವ ಬದಲು ಅವನ ಗಮನವನ್ನು ಅವನ ಆಟದ ಮೇಲೆಯೇ ಹರಿಸಿದರೆ ಕಲಿಕೆ ಸುಲಭ ಎಂಬುದು ಅವರ ವಾದ. ಮೋಟಾರು ರೇಸ್ ಪಟುವಾಗಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಇದನ್ನು ಕಚೇರಿಗಳಿಗೆ ಒಯ್ದರು. ಅಮೆರಿಕದ ಹಣಕಾಸು ಸಲಹೆಗಾರ ಥಾಮಸ್ ಲಿಯೊನಾರ್ಡ್ 1992ರಲ್ಲಿ ಕೋಚ್‌ಗಳ ತರಬೇತಿಗೆಂದೇ ಸಂಸ್ಥೆ ಆರಂಭಿಸಿದರು. 1995ರಲ್ಲಿ ಇಂಟರ್‌ನ್ಯಾಷನಲ್ ಕೋಚ್ ಫೆಡರೇಷನ್ (ಐಸಿಎಫ್) ಹುಟ್ಟಿಕೊಂಡಿತು.

ಕೆಲಸ ನಡೆಯುವ ಬಗೆ ಹೀಗೆ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಿಗೆ ನಲವತ್ತರ ಹೊಸ್ತಿಲಲ್ಲಿ ಕೆಲಸ ಬಿಡುವ ಯೋಚನೆ ಬಂದಿದೆ ಎನ್ನೋಣ. ಬಿಡಬೇಕೆ, ಬೇಡವೆ ಎಂದು ಕೋಚ್ ಹೇಳುವುದಿಲ್ಲ. ಒಂದು ವರ್ಷದ ನಂತರ ಎಲ್ಲಿರಲು ಬಯಸುತ್ತೀರಿ? ಕೈಯಲ್ಲಿರುವ ಉಳಿತಾಯ ಎಷ್ಟು ತಿಂಗಳಿಗೆ ಸಾಕು? ಬೇಸರ ಕೆಲಸದ್ದೋ, ಮೇಲಧಿಕಾರಿಯದ್ದೋ? ಇರುವ ದಾರಿಗಳೆಷ್ಟು? ಮುಂದಿನ ಭೇಟಿಗೆ ಮೊದಲು ಮಾಡುವ ಒಂದು ಕೆಲಸ ಯಾವುದು? ಗುರಿ, ವಾಸ್ತವ, ಮಾರ್ಗ, ಸಂಕಲ್ಪ ಎಂಬ ಈ ನಾಲ್ಕು ಮೆಟ್ಟಿಲಿನ ಕ್ರಮಕ್ಕೆ 'ಗ್ರೋ' ಮಾದರಿ ಎಂಬ ಹೆಸರಿದೆ. ವಿಟ್ಮೋರ್ ಅವರ 1992ರ ಪುಸ್ತಕದಿಂದ ಇದು ಪ್ರಸಿದ್ಧವಾಯಿತು. ಮುಂದಿನ ಭೇಟಿಯಲ್ಲಿ ಕೋಚ್ ಮೊದಲು ಕೇಳುವುದು, ಒಪ್ಪಿಕೊಂಡ ಕೆಲಸ ಏನಾಯಿತು ಎಂದು. ಗ್ರಾಹಕರು ನೀಡುವ ಶುಲ್ಕದ ಬಹುಪಾಲು ಸಲ್ಲುವುದು ಈ ಪ್ರಶ್ನೆಗೇ ಎಂದರೆ ತಪ್ಪಾಗಲಾರದು.

ಇದನ್ನು ಆಪ್ತ ಸ್ನೇಹಿತರೇ ಮಾಡಲಾರರೇ? ಮಾಡಬಲ್ಲರು, ಅದೂ ಕಾಫಿಯ ಖರ್ಚಿನಲ್ಲಿ. ಆದರೆ ಮನೆಯವರಿಗೆ ಸಾಲದ ಕಂತಿನ ಚಿಂತೆ, ಸಹೋದ್ಯೋಗಿಗೆ ತನ್ನದೇ ಲೆಕ್ಕಾಚಾರ. ಕೋಚ್‌ಗೆ ಆ ಹಂಗಿಲ್ಲ. ಭೇಟಿಗಳು ಮುಂದುವರಿಯಲಿ ಎಂಬ ಆಸೆ ಮಾತ್ರ ಇರಬಹುದು, ಅದನ್ನೂ ಮರೆಯಬಾರದು.

ಓದುಗರು ಮುಖ್ಯವಾಗಿ ಗಮನಿಸಬೇಕಾದದ್ದು ಈ ವೃತ್ತಿಯ ಎಲ್ಲೆಯನ್ನು. ಲೈಫ್ ಕೋಚ್ ಚಿಕಿತ್ಸಕರಲ್ಲ. ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಉಳಿಯದಿರುವುದು, ಬದುಕೇ ಬೇಡವೆನಿಸುವುದು ಗುರಿ ನಿಗದಿಯಿಂದ ಪರಿಹಾರವಾಗುವ ಸಂಗತಿಗಳಲ್ಲ. ಖಿನ್ನತೆಯಿಂದ ಬಳಲುವವರನ್ನು 'ಛಲವಿಲ್ಲದವರು' ಎಂದು ಭಾವಿಸಿ ಹುರಿದುಂಬಿಸಹೊರಟರೆ ಚಿಕಿತ್ಸೆ ತಡವಾಗಿ ಹಾನಿಯೇ ಹೆಚ್ಚು. ಇಂಥವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದು ಪ್ರಾಮಾಣಿಕ ಕೋಚ್‌ನ ಕರ್ತವ್ಯ. 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯಲ್ಲಿ ಹಗಲಿರುಳು ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.

ಮನೋವೈದ್ಯರಿಗೆ ವೈದ್ಯಕೀಯ ನೋಂದಣಿ, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಲೈಫ್ ಕೋಚ್ ಎಂಬ ಫಲಕ ಹಾಕಿಕೊಳ್ಳಲು ನಮ್ಮ ದೇಶದಲ್ಲಿ ಅಂಥ ಯಾವ ಪರವಾನಗಿಯೂ ಬೇಕಿಲ್ಲ. ಐಸಿಎಫ್ ನೀಡುವ ಆರಂಭಿಕ ಮಾನ್ಯತೆಗೆ ಕನಿಷ್ಠ 60 ಗಂಟೆಗಳ ತರಬೇತಿ ಹಾಗೂ 100 ಗಂಟೆಗಳ ಅನುಭವ ಬೇಕು. ಅತ್ಯುನ್ನತ ದರ್ಜೆಗೆ 2,500 ಗಂಟೆಗಳ ಅನುಭವ. ಇದು ಖಾಸಗಿ ಸಂಸ್ಥೆಯ ಮಾನ್ಯತೆ, ಸರ್ಕಾರದ್ದಲ್ಲ. ಆದರೂ ವಾರಾಂತ್ಯದ ಶಿಬಿರದಲ್ಲಿ ದೊರೆತ ಪ್ರಮಾಣಪತ್ರಕ್ಕಿಂತ ತೂಕದ್ದು.

ಹೀಗಾಗಿ ಹಣ ಕಟ್ಟುವ ಮುನ್ನ ತರಬೇತಿ ಎಲ್ಲಿ ಪಡೆದಿರಿ, ಮಾತುಕತೆಯ ಗೋಪ್ಯತೆ ಹೇಗೆ, ನಡುವೆ ನಿಲ್ಲಿಸಿದರೆ ಉಳಿದ ಹಣ ಮರಳುವುದೇ ಎಂದು ಕೇಳಿ ತಿಳಿಯಬೇಕು. ಇಷ್ಟು ದಿನಗಳಲ್ಲಿ ಯಶಸ್ಸು ಖಚಿತ ಎನ್ನುವವರಿಂದ ದೂರವಿರುವುದು ಲೇಸು. ಶುಲ್ಕ ಪಡೆದು ನೀಡುವ ಸೇವೆಯಾದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ರಸೀದಿ ಹಾಗೂ ಲಿಖಿತ ಒಪ್ಪಂದ ಕೈಯಲ್ಲಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಸಾಬೀತುಪಡಿಸುವುದು ಸುಲಭ.