ಸ್ಥಾನನಿರ್ಣಯ ಸಿಗ್ನಲ್ (ಪಿಆರ್‌ಎಸ್)

ಮೊಬೈಲ್ ಜಾಲದಲ್ಲಿರುವ ಫೋನು ಅಥವಾ ಇತರ ಸಾಧನ ಎಲ್ಲಿದೆ ಎಂದು ಅಳೆಯುವುದಕ್ಕಾಗಿಯೇ ಟವರ್‌ಗಳು ಹೊರಡಿಸುವ ರೇಡಿಯೋ ಸಿಗ್ನಲ್. ‘ಪೊಸಿಷನಿಂಗ್ ರೆಫರೆನ್ಸ್ ಸಿಗ್ನಲ್’ ಎಂಬ ಹೆಸರಿನ ಮೊದಲಕ್ಷರಗಳಿಂದ ಪಿಆರ್‌ಎಸ್ ಎಂದೇ ರೂಢಿ. ಮಾತನ್ನಾಗಲಿ ಡೇಟಾವನ್ನಾಗಲಿ ಇದು ಹೊರುವುದಿಲ್ಲ. ಫೋನಿಗೆ ಮೊದಲೇ ತಿಳಿದಿರುವ ಒಂದು ಅಂಕಿಸರಣಿ ಮಾತ್ರ ಇದರಲ್ಲಿರುತ್ತದೆ. ಅದು ಬಂದು ಮುಟ್ಟಿದ ಕ್ಷಣವನ್ನು ಫೋನು ಗುರುತು ಹಾಕಿಕೊಳ್ಳುತ್ತದೆ. ಮೊಬೈಲ್ ಮಾನಕಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟವು 4ಜಿಯ ಎಲ್‌ಟಿಇ ಮಾನಕಕ್ಕೆ ಇದನ್ನು 9ನೇ ಆವೃತ್ತಿಯಲ್ಲಿ ಸೇರಿಸಿತು. 5ಜಿಗಾಗಿ ಹೊಸದಾಗಿ ಹೆಣೆದ ರೂಪ 2020ರಲ್ಲಿ ಪೂರ್ಣಗೊಂಡ 16ನೇ ಆವೃತ್ತಿಯಲ್ಲಿ ಬಂತು.

ಜಿಪಿಎಸ್ ಇರುವಾಗ ಇದೇಕೆ ಎಂಬ ಪ್ರಶ್ನೆ ಸಹಜ. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಕಾಂಕ್ರೀಟ್ ಕಟ್ಟಡದೊಳಗೆ, ನೆಲಮಾಳಿಗೆಯಲ್ಲಿ, ಕಾರ್ಖಾನೆಯ ತಗಡಿನ ಸೂರಿನಡಿ ಸಿಗುವುದೇ ಕಷ್ಟ. ತುರ್ತು ಕರೆ ಮಾಡಿದವರು ಎಲ್ಲಿದ್ದಾರೆಂದು ತಿಳಿಸಲೇಬೇಕು ಎಂದು ಅಮೆರಿಕದ ದೂರಸಂಪರ್ಕ ನಿಯಂತ್ರಕರು 1990ರ ದಶಕದಿಂದ ಹಾಕುತ್ತ ಬಂದ ಕಟ್ಟಳೆಗಳೂ ಈ ತಂತ್ರಕ್ಕೆ ಒತ್ತಾಸೆಯಾದವು.

ಲೆಕ್ಕ ಸರಳ. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಬೇರೆಬೇರೆ ಟವರ್‌ಗಳ ಸಿಗ್ನಲ್ ತಲುಪಿದ ಹೊತ್ತಿನ ವ್ಯತ್ಯಾಸ ಗೊತ್ತಾದರೆ ದೂರಗಳ ವ್ಯತ್ಯಾಸ ಗೊತ್ತಾಯಿತು. ಕನಿಷ್ಠ ಮೂರು ಟವರ್ ಸಿಕ್ಕರೆ ನೆಲದ ಮೇಲಿನ ಸ್ಥಾನ ದಕ್ಕುತ್ತದೆ. ಹೊತ್ತನ್ನು ಎಷ್ಟು ಸೂಕ್ಷ್ಮವಾಗಿ ಅಳೆಯಬಹುದು ಎಂಬುದು ಬ್ಯಾಂಡ್‌ವಿಡ್ತ್‌ಗೆ (ಸಿಗ್ನಲ್ ಹರಡಿಕೊಳ್ಳುವ ಆವರ್ತನಾಂಕಗಳ ಅಗಲಕ್ಕೆ) ಬಿಟ್ಟದ್ದು. 20 ಮೆಗಾಹರ್ಟ್ಜ್‌ನ ಎಲ್‌ಟಿಇಯಲ್ಲಿ ಸಿಗ್ನಲನ್ನು ಅಳೆದು ಹಿಡಿಯುವ ಒಂದು ಮಾದರಿಯಿಂದ (ಸ್ಯಾಂಪಲ್) ಇನ್ನೊಂದು ಮಾದರಿಗೆ 32.6 ನ್ಯಾನೋಸೆಕೆಂಡು, ಅಂದರೆ ಹತ್ತಿರ ಹತ್ತಿರ 10 ಮೀಟರ್. 100 ಮೆಗಾಹರ್ಟ್ಜ್‌ನ 5ಜಿಯಲ್ಲಿ ಅದೇ ಅಂತರ 2.4 ಮೀಟರಿಗೆ ಇಳಿಯುತ್ತದೆ. ಗಣಿತದ ಉಪಾಯಗಳಿಂದ ಇದಕ್ಕಿಂತಲೂ ಸೂಕ್ಷ್ಮವಾಗಿ ಅಳೆಯಬಹುದು, ಆದರೆ ಅಗಲವಾದ ಸಿಗ್ನಲ್ಲಿಗೆ ಪೂರ್ತಿ ಬದಲಿ ಇಲ್ಲ.

ನಿಜವಾದ ತೊಡಕು ಇರುವುದು ಅಳೆಯುವುದರಲ್ಲಲ್ಲ, ಕೇಳಿಸಿಕೊಳ್ಳುವುದರಲ್ಲಿ. ಮಾತಿಗೆ ಒಂದು ಟವರ್ ಸಾಕು. ಸ್ಥಾನಕ್ಕೆ ದೂರದವೂ ಬೇಕು. ಜಾತ್ರೆಯಲ್ಲಿ ಧ್ವನಿವರ್ಧಕದ ಕೆಳಗೆ ನಿಂತವನಿಗೆ ಆಚೆ ಬೀದಿಯ ಕೂಗು ಕೇಳದ ಹಾಗೆ, ಹತ್ತಿರದ ಟವರ್ ದೂರದವನ್ನು ಮುಳುಗಿಸಿಬಿಡುತ್ತದೆ. ಪಿಆರ್‌ಎಸ್ ಇದಕ್ಕೆ ಹೂಡಿರುವ ಉಪಾಯಗಳು ಸೊಗಸಾಗಿವೆ. ಸಿಗ್ನಲನ್ನು ಎಲ್ಲ ಉಪವಾಹಕಗಳಲ್ಲಿ (ಬ್ಯಾಂಡನ್ನು ಹೋಳುಮಾಡಿದ ಕಿರು ಆವರ್ತನಾಂಕಗಳಲ್ಲಿ) ತುಂಬದೆ ಹಣಿಗೆಯ ಹಲ್ಲಿನಂತೆ ಬಿಟ್ಟು ಬಿಟ್ಟು ಇಡುತ್ತಾರೆ. 5ಜಿಯಲ್ಲಿ 2, 4, 6 ಅಥವಾ 12 ಉಪವಾಹಕಗಳಿಗೊಂದು ಹಲ್ಲು. ಆರರ ಹಣಿಗೆಯಾದರೆ ಆರು ಟವರ್‌ಗಳು ಒಂದೇ ಕ್ಷಣದಲ್ಲಿ, ಒಂದರ ಹಲ್ಲಿನ ಸಂದಿಯಲ್ಲಿ ಇನ್ನೊಂದು ಎಂಬಂತೆ, ಡಿಕ್ಕಿಯಿಲ್ಲದೆ ಸಿಗ್ನಲ್ ಕಳಿಸಬಹುದು. ಹಲ್ಲುಗಳ ಜಾಗ ಪ್ರತಿ ಸಂಕೇತಾವಧಿಗೂ (ಒಂದು ಸಂಕೇತ ಕಳಿಸುವ ಹೊತ್ತಿಗೂ) ಸರಿಯುತ್ತ ಹೋಗುವುದರಿಂದ ಕೊನೆಗೆ ಇಡೀ ಆವರ್ತನಾಂಕ ಪಟ್ಟಿ ತುಂಬುತ್ತದೆ. ಇಲ್ಲವಾದರೆ ನಿಜವಾದ ಆಗಮನದ ಜೊತೆಗೆ ಹುಸಿ ಆಗಮನಗಳೂ ಕಾಣಿಸಿಕೊಳ್ಳುತ್ತಿದ್ದವು. ಇದರ ಮೇಲೆ ಮೌನದ ಸರದಿ ಬೇರೆ: ಗೊತ್ತುಮಾಡಿದ ಸರದಿಯಲ್ಲಿ ಗಟ್ಟಿದನಿಯ ಟವರ್ ಬಾಯಿ ಮುಚ್ಚಿಕೊಂಡು ದೂರದ್ದಕ್ಕೆ ಅವಕಾಶ ಕೊಡುತ್ತದೆ. ಅಷ್ಟಕ್ಕೂ ಕೇಳದಿದ್ದರೆ ಅದೇ ಸಿಗ್ನಲನ್ನು 32 ಬಾರಿಯವರೆಗೆ ಮರುಕಳಿಸಿ ಕೂಡಿಸಬಹುದು.

ಆದರೆ ಪಿಆರ್‌ಎಸ್‌ಗೆ ಕೊಟ್ಟ ಜಾಗ ಡೇಟಾಕ್ಕೆ ಇಲ್ಲ. ಹಾಗಾಗಿ ಎಷ್ಟು ಅಗಲ, ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಬದಲಿಸಲು ಬರಬೇಕು. ಮೂಲ ಎಲ್‌ಟಿಇಯಲ್ಲಿ ಆವರ್ತನದ ಅವಧಿಗೆ ನಾಲ್ಕೇ ಆಯ್ಕೆಗಳಿದ್ದವು: 160, 320, 640, 1280 ಮಿಲಿಸೆಕೆಂಡು. 5ಜಿಯಲ್ಲಿ ಅದು 4 ಮಿಲಿಸೆಕೆಂಡಿನಿಂದ 10.24 ಸೆಕೆಂಡಿನವರೆಗೆ ಹರಡಿದೆ. ಬ್ಯಾಂಡ್‌ವಿಡ್ತನ್ನು 24ರಿಂದ 272 ಸಂಪನ್ಮೂಲ ಬ್ಲಾಕುಗಳವರೆಗೆ (ಬ್ಲಾಕು ಎಂದರೆ ಉಪವಾಹಕಗಳ ಗುಂಪು), ನಾಲ್ಕು ನಾಲ್ಕಾಗಿ ಹಿಗ್ಗಿಸಬಹುದು. ಇಷ್ಟಾದರೂ 16ನೇ ಆವೃತ್ತಿಯಲ್ಲಿ ಕೇಳುವವರಿರಲಿ ಬಿಡಲಿ, ಒಮ್ಮೆ ಗೊತ್ತುಮಾಡಿದ ಸಿಗ್ನಲ್ ಹೊರಡುತ್ತಲೇ ಇರುತ್ತಿತ್ತು. 17ನೇ ಆವೃತ್ತಿ ಇದನ್ನು ಸರಿಪಡಿಸಿತು. ಈಗ ಫೋನಾಗಲಿ, ಜಾಲದ ಸ್ಥಾನನಿರ್ವಹಣಾ ಸರ್ವರಾಗಲಿ ಬೇಕಾದಾಗ ಪಿಆರ್‌ಎಸ್ ಕೇಳಬಹುದು, ಅದರ ಅಗಲ, ಅವಧಿ, ದಿಕ್ಕು ಇಂಥವೇ ಇರಲಿ ಎಂದೂ ಸೂಚಿಸಬಹುದು. ಕಾರ್ಖಾನೆಯಲ್ಲಿ ನಿಂತ ಟ್ರಾಲಿಗೂ ಓಡುವ ಟ್ರಾಲಿಗೂ ಒಂದೇ ಖರ್ಚು ಮಾಡಬೇಕಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ವಿವೇಕದ ಬದಲಾವಣೆ ಇದೇ ಎನ್ನಬೇಕು. ಇದೇ ಆವೃತ್ತಿ ಕೈಗಾರಿಕಾ ಬಳಕೆಗೆ 20 ಸೆಂಟಿಮೀಟರ್ ನಿಖರತೆಯ ಗುರಿಯನ್ನೂ ಹಾಕಿಕೊಂಡಿತು.

ಗುರಿ ಹಾಕುವುದು ಬೇರೆ, ಮುಟ್ಟುವುದು ಬೇರೆ. ಹೊತ್ತಿನ ವ್ಯತ್ಯಾಸದ ಲೆಕ್ಕ ಟವರ್‌ಗಳ ಗಡಿಯಾರಗಳು ಒಂದಕ್ಕೊಂದು ಹೊಂದಿದ್ದರಷ್ಟೇ ಸರಿ. ಫೋನಿನಿಂದ ಟವರಿಗೆ ಹೋಗುವ ಅಪ್‌ಲಿಂಕ್ ಮತ್ತು ಟವರಿನಿಂದ ಫೋನಿಗೆ ಬರುವ ಡೌನ್‌ಲಿಂಕ್ ಒಂದೇ ಆವರ್ತನಾಂಕವನ್ನು ಹಂಚಿಕೊಳ್ಳುವ 5ಜಿ ಜಾಲದಲ್ಲಿ ಅಕ್ಕಪಕ್ಕದ ಟವರ್‌ಗಳ ಗಡಿಯಾರಗಳು 3 ಮೈಕ್ರೋಸೆಕೆಂಡಿನೊಳಗೆ ಹೊಂದಿದರೆ ಸಾಕು; ಸಂಭಾಷಣೆಗೆ ಇದು ಏನೂ ಅಲ್ಲ, ದೂರದ ಲೆಕ್ಕದಲ್ಲಿ 900 ಮೀಟರ್! ಟವರ್ ಮತ್ತು ಫೋನು ಎರಡೂ ಪರಸ್ಪರ ಸಿಗ್ನಲ್ ಕಳಿಸಿ ಹೋಗಿಬರುವ ಹೊತ್ತನ್ನು ಅಳೆದರೆ ಈ ದೋಷ ಕಳೆದುಹೋಗುತ್ತದೆ. ಗೋಡೆಗೆ ಬಡಿದು ಸುತ್ತಿ ಬಂದ ಅಲೆಯ ದೋಷ ಮಾತ್ರ ಹಾಗೆ ಹೋಗುವುದಿಲ್ಲ; ನೇರ ದಾರಿಯೇ ಮುಚ್ಚಿದ್ದಾಗ ಸಿಗ್ನಲನ್ನು ಎಷ್ಟು ಹದಮಾಡಿದರೂ ಪ್ರಯೋಜನ ಕಡಿಮೆ.

2024ರಲ್ಲಿ ಮುಗಿದ 18ನೇ ಆವೃತ್ತಿ ಸಿಗ್ನಲ್ ಹೊತ್ತ ವಾಹಕ ಅಲೆಯ ಹಂತವನ್ನೇ (ಫೇಸ್) ಅಳೆಯುವ ವಿಧಾನವನ್ನೂ, ಅಕ್ಕಪಕ್ಕದ ಮೂರು ಪಟ್ಟಿಗಳವರೆಗೆ ಒಂದಾಗಿ ಹೊಸೆಯುವ ಸೌಲಭ್ಯವನ್ನೂ ತಂದಿತು. ಒಮ್ಮೆಗೆ 20 ಮೆಗಾಹರ್ಟ್ಜ್ ಮಾತ್ರ ಹಿಡಿಯಬಲ್ಲ ಅಗ್ಗದ ಸಾಧನಗಳು ಪಟ್ಟಿಯಿಂದ ಪಟ್ಟಿಗೆ ಜಿಗಿದು ಅಗಲವಾದ ಪಿಆರ್‌ಎಸ್ಸನ್ನು ತುಂಡುತುಂಡಾಗಿ ಅಳೆಯಲು ಅವಕಾಶ ಸಿಕ್ಕಿದ್ದೂ ಇದೇ ಆವೃತ್ತಿಯಲ್ಲಿ.