ಟಾನ್‌ಬಾಖ್ ಹಳ್ಳದ ಎರಡು ದಂಡೆಯ ಊರು

ಮೋಡ್ಲಾರೋಯ್ಟ್‌ನಲ್ಲಿ ವಾಸವಾಗಿರುವವರು ಐವತ್ತು ಜನರ ಆಸುಪಾಸು. ಇಷ್ಟು ಸಣ್ಣ ಊರಿಗೆ ಎರಡು ರಾಜ್ಯ, ಎರಡು ಜಿಲ್ಲೆ, ಇಬ್ಬರು ಮೇಯರ್. ಬವೇರಿಯದ ಈಶಾನ್ಯ ಮೂಲೆಯೂ ಥುರಿಂಗಿಯದ ಆಗ್ನೇಯ ಮೂಲೆಯೂ ಕೂಡುವ ತಗ್ಗಿನಲ್ಲಿ, ಹೋಫ್ ಪಟ್ಟಣದಿಂದ ಉತ್ತರಕ್ಕೆ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿ ಈ ಊರಿದೆ. ಸ್ಯಾಕ್ಸನಿಯ ಗಡಿಯೂ ಇಲ್ಲಿಗೆ ಹತ್ತಿರವೇ. ಸುತ್ತ ಏರಿಳಿತದ ಹೊಲಗಳು, ದನ ಮೇಯುವ ಹುಲ್ಲುಗಾವಲು, ಅದರಾಚೆ ಸ್ಪ್ರೂಸ್ ಮರಗಳ ಕಾಡು.

ಊರಿನ ನಡುವೆ ಟಾನ್‌ಬಾಖ್ ಹಳ್ಳ ಹರಿಯುತ್ತದೆ. ನದಿ ಎನ್ನುವಂಥದ್ದಲ್ಲ, ಕಾಲು ಚಾಚಿ ಒಂದು ದೊಡ್ಡ ಹೆಜ್ಜೆ ಇಟ್ಟರೆ ಆಚೆ ದಂಡೆ ಸಿಗುತ್ತದೆ. ಅದರ ಪಶ್ಚಿಮ ದಂಡೆಯ ಮನೆಗಳು ಬವೇರಿಯದ ಟೋಪೆನ್ ಪಂಚಾಯಿತಿಗೆ, ಪೂರ್ವ ದಂಡೆಯವು ಥುರಿಂಗಿಯದ ಗೆಫೆಲ್ ಪಟ್ಟಣಕ್ಕೆ ಸೇರಿವೆ. ಪಶ್ಚಿಮದ ಪಿನ್‌ಕೋಡ್ 95183, ಪೂರ್ವದ್ದು 07926. ಫೋನಿನ ಕೋಡ್ ಬೇರೆ, ಕಾರಿನ ನಂಬರ್ ಪ್ಲೇಟಿನ ಅಕ್ಷರ ಬೇರೆ, ಮಕ್ಕಳ ಶಾಲೆ ಬೇರೆ. ರಾಜ್ಯ ಸರ್ಕಾರದ ರಜಾದಿನಗಳೂ ಒಂದೇ ಇಲ್ಲ: ಜನವರಿ 6ರಂದು ಬವೇರಿಯದ ದಂಡೆಗೆ ರಜೆ, ಅಕ್ಟೋಬರ್ 31ರಂದು ಥುರಿಂಗಿಯದ ದಂಡೆಗೆ ರಜೆ.

ಈ ಊರಿನ ಬಗ್ಗೆ ಜಗತ್ತಿಗೆ ಗೊತ್ತಿರುವುದು ಒಂದೇ ಸಂಗತಿ. ಶೀತಲ ಸಮರದ ಕಾಲದಲ್ಲಿ ಬರ್ಲಿನ್ನಿನಂತೆ ಇಲ್ಲೂ ಗೋಡೆ ಎದ್ದಿತ್ತು, ಅಮೆರಿಕದ ಸೈನಿಕರು ಇದನ್ನು ‘ಪುಟ್ಟ ಬರ್ಲಿನ್’ ಎಂದು ಕರೆದರು. ಆ ಗೋಡೆಯ ಕಥೆಯಲ್ಲಿ ಊರಿನ ಉಳಿದ ಚರಿತ್ರೆಯೆಲ್ಲ ಮುಚ್ಚಿಹೋಗುತ್ತಿದೆ. ಎರಡನೇ ಮಹಾಯುದ್ಧದ ನಂತರ ಬಂದ ಸರ್ಕಾರಗಳು ಒಂದಾಗಿದ್ದ ಊರನ್ನು ಹಳ್ಳದ ಉದ್ದಕ್ಕೂ ಸೀಳಿದವು ಎಂದೇ ಪ್ರವಾಸಿ ಬರಹಗಳು ಹೇಳುತ್ತವೆ. ಅದು ತಪ್ಪು. ಗಡಿ ಆ ಸರ್ಕಾರಗಳಿಗಿಂತ ಬಹಳ ಹಳೆಯದು. ಹಳ್ಳದ ದಂಡೆಯಲ್ಲಿರುವ ಬಾಂದುಗಲ್ಲುಗಳೇ ಅದಕ್ಕೆ ಸಾಕ್ಷಿ.

ಆ ಕಲ್ಲುಗಳನ್ನು ನೆಟ್ಟದ್ದು 1810ರಲ್ಲಿ. ಅಲ್ಲಿಯವರೆಗೆ ಫ್ರೆಂಚರ ಹಿಡಿತದಲ್ಲಿದ್ದ ಬೈರೋಯ್ಟ್ ಸೀಮೆಯನ್ನು ನೆಪೋಲಿಯನ್ ಆ ವರ್ಷ ಬವೇರಿಯದ ರಾಜನಿಗೆ ಕೊಟ್ಟ. ಹೋಫ್ ಸುತ್ತಲಿನ ಹಳ್ಳಿಗಳೂ ಅದರೊಂದಿಗೆ ಬವೇರಿಯಕ್ಕೆ ಸೇರಿದವು. ಹೊಸ ಒಡೆಯ ಬಂದ ಮೇಲೆ ಸರಹದ್ದು ಅಳೆದು ಕಲ್ಲು ನೆಡಲೇಬೇಕು. ಹಳ್ಳದ ಆಚೆ ರೋಯ್ಸ್ ವಂಶದ ಪುಟ್ಟ ಸಂಸ್ಥಾನವಿತ್ತು. ಹುಟ್ಟಿದ ಗಂಡುಮಕ್ಕಳಿಗೆಲ್ಲ ಹೈನ್‌ರಿಶ್ ಎಂದೇ ಹೆಸರಿಟ್ಟು ಒಂದು, ಎರಡು, ಮೂರು ಎಂದು ಎಣಿಸಿಕೊಂಡು ಹೋಗುತ್ತಿದ್ದ ವಂಶವದು. ಕಲ್ಲಿನ ಒಂದು ಮುಖಕ್ಕೆ ಬವೇರಿಯ ರಾಜ್ಯದ ಗುರುತಾಗಿ ಕೆ.ಬಿ. ಎಂಬ ಅಕ್ಷರ, ಇನ್ನೊಂದು ಮುಖಕ್ಕೆ ರೋಯ್ಸ್ ಸಂಸ್ಥಾನದ ಗುರುತಾಗಿ ಎಫ್.ಆರ್. ಎಂಬ ಅಕ್ಷರ ಕೊರೆದರು. 1918ರಲ್ಲಿ ರಾಜರು ಹೋದರು, 1920ರಲ್ಲಿ ರೋಯ್ಸ್ ಸೀಮೆ ಹೊಸ ಥುರಿಂಗಿಯ ರಾಜ್ಯದೊಳಗೆ ಸೇರಿತು. ಕಲ್ಲುಗಳು ಮಾತ್ರ ಅಲ್ಲೇ ಉಳಿದವು.

ನನಗೆ ಮುಖ್ಯವೆನಿಸುವುದು ಆ ಕಲ್ಲುಗಳ ನಡುವೆ ಜನ ಬದುಕಿದ ರೀತಿ. ಶಾಲೆಯೂ ಹೋಟೆಲೂ ಇದ್ದದ್ದು ಥುರಿಂಗಿಯದ ದಂಡೆಯಲ್ಲಿ. ಬವೇರಿಯದ ಮಕ್ಕಳು ಹಳ್ಳ ದಾಟಿ ಪಾಠಕ್ಕೆ ಹೋಗುತ್ತಿದ್ದರು, ದೊಡ್ಡವರು ಹಳ್ಳ ದಾಟಿ ಬಿಯರ್ ಕುಡಿಯಲು ಹೋಗುತ್ತಿದ್ದರು. ಊರಿನಲ್ಲಿ ಚರ್ಚ್ ಇರಲಿಲ್ಲ. ಹಾಗಾಗಿ ಭಾನುವಾರ ಎರಡೂ ದಂಡೆಯವರು ಬವೇರಿಯದ ಟೋಪೆನ್ನಿಗೆ ಪ್ರಾರ್ಥನೆಗೆ ನಡೆಯುತ್ತಿದ್ದರು. ಕಂದಾಯ ಕಟ್ಟುವ ಕಚೇರಿ ಬೇರೆ ಬೇರೆಯಿದ್ದರೂ ಊರು ಒಂದೇ ಆಗಿತ್ತು. ಕಲ್ಲು ನೆಟ್ಟ ಮೇಲೂ ನೂರಮೂವತ್ತಕ್ಕೂ ಹೆಚ್ಚು ವರ್ಷ ಹೀಗೇ ನಡೆಯಿತು. ಗೋಡೆ ನಿಂತದ್ದು ಇಪ್ಪತ್ತನಾಲ್ಕು ವರ್ಷ. ಆದರೂ ಊರಿನ ಚರಿತ್ರೆ ಎಂದಾಗ ಗೋಡೆಯನ್ನಷ್ಟೇ ಹೇಳುತ್ತಾರೆ.

1945ರ ಜುಲೈನಲ್ಲಿ ಅಮೆರಿಕದ ಸೇನೆ ಥುರಿಂಗಿಯದಿಂದ ಹಿಂದೆ ಸರಿದು ಸೋವಿಯತ್ ಸೇನೆ ಬಂತು. ಹಳೆಯ ಬಾಂದುಗಲ್ಲಿನ ಗೆರೆಯೇ ಎರಡು ವಲಯಗಳ ಗಡಿಯಾಯಿತು. 1948ರಲ್ಲಿ ಎರಡು ದಂಡೆಗೆ ಎರಡು ನಾಣ್ಯ ಬಂದವು, ಮರುವರ್ಷ ಎರಡು ದೇಶಗಳಾದವು. ಆಗಲೂ ಚೀಟಿ ತೋರಿಸಿ ಹಳ್ಳ ದಾಟಬಹುದಿತ್ತು. ಹಾಳು ಮಾಡಿದ್ದು 1952. ಆ ವರ್ಷ ಮೇ 26ರಂದು ಪೂರ್ವ ಜರ್ಮನಿಯ ಸರ್ಕಾರ ಗಡಿಯುದ್ದಕ್ಕೂ ಐದು ಕಿಲೋಮೀಟರ್ ಅಗಲದ ನಿರ್ಬಂಧಿತ ವಲಯ, ಅದರೊಳಗೆ 500 ಮೀಟರಿನ ಬಿಗಿ ಪಟ್ಟಿ, ಗಡಿಗೆ ತಾಗಿ ಹತ್ತು ಮೀಟರ್ ಉತ್ತ ನೆಲ ಎಂದು ಆದೇಶ ಹೊರಡಿಸಿತು. ನಂಬಿಕೆಗೆ ಅರ್ಹರಲ್ಲ ಎಂದು ಅಧಿಕಾರಿಗಳು ಗುರುತು ಮಾಡಿದ ಕುಟುಂಬಗಳನ್ನು ಗಡಿಯುದ್ದಕ್ಕೂ ಮನೆಯಿಂದ ಎಬ್ಬಿಸಿ ಒಳನಾಡಿಗೆ ಸಾಗಿಸಿದರು. ಹಾಗೆ ಹೋದವರು ಎಂಟು ಸಾವಿರಕ್ಕೂ ಹೆಚ್ಚು. ಥುರಿಂಗಿಯದಲ್ಲಿ ಈ ಕಾರ್ಯಾಚರಣೆಗೆ ಇಟ್ಟ ಗುಟ್ಟಿನ ಹೆಸರು ‘ಕ್ರಿಮಿಕೀಟ’. ಹೊಲ ಉತ್ತು, ದನ ಸಾಕಿ ಬದುಕುತ್ತಿದ್ದವರನ್ನು ಹಾಗೆ ಕರೆದದ್ದನ್ನು ಕ್ಷಮಿಸಲು ನನ್ನಿಂದಾಗದು.

ಮೋಡ್ಲಾರೋಯ್ಟ್‌ನಲ್ಲಿ ಮೊದಲು ಬಂದದ್ದು ಆಳೆತ್ತರದ ಹಲಗೆ ಬೇಲಿ, ಆಮೇಲೆ ಮುಳ್ಳುತಂತಿ, 1966ರಲ್ಲಿ 700 ಮೀಟರ್ ಉದ್ದ, 3.3 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. ಗಡಿಯಿದ್ದದ್ದು ಹಳ್ಳದ ನಡುನೀರಿನಲ್ಲಿ, ಗೋಡೆ ಎದ್ದದ್ದು ಅದಕ್ಕಿಂತ ತುಸು ಪೂರ್ವಕ್ಕೆ. ಪೂರ್ವದ ಮನೆಯವರಿಗೆ ಹಳ್ಳವೇ ಕಾಣದಾಯಿತು. ಪಶ್ಚಿಮದಿಂದ ಯಾರಾದರೂ ಕೈಬೀಸಿದರೆ ಇವರು ತಿರುಗಿ ಕೈಬೀಸುವಂತಿರಲಿಲ್ಲ, ಅದಕ್ಕೂ ನಿಷೇಧವಿತ್ತು. 1973ರಿಂದ ಪಶ್ಚಿಮದ ಗಡಿ ಜಿಲ್ಲೆಯವರು ಪೂರ್ವಕ್ಕೆ ಹೋಗಿ ಬರುವ ಅವಕಾಶ ಬಂತಾದರೂ ಬಿಗಿ ಪಟ್ಟಿಯೊಳಗಿನ ಮನೆಗಳಿಗೆ ನೆಂಟರನ್ನು ಬಿಡಲಿಲ್ಲ. ಎದುರು ದಂಡೆಯ ಅಕ್ಕನನ್ನೋ ಅಣ್ಣನನ್ನೋ ನೋಡಬೇಕಾದರೆ ಸುತ್ತು ಹಾಕಿ ಬೇರೊಂದು ಊರಿನಲ್ಲಿ ಸೇರಬೇಕಿತ್ತು. ಅದೇ ವರ್ಷ ಮೇ 25ರಂದು 34 ವರ್ಷದ ಒಬ್ಬ ಕಾರಿನ ಮೇಲೆ ಏಣಿ ಇಟ್ಟುಕೊಂಡು ಬಂದು, ಗೋಡೆಗೆ ಆನಿಸಿ ಹತ್ತಿ ಆಚೆ ಧುಮುಕಿದ. ಈ ಗೋಡೆಯನ್ನು ಹತ್ತಿ ಪಾರಾದವನು ಅವನೊಬ್ಬನೇ.

1983ರ ಫೆಬ್ರುವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಪಶ್ಚಿಮದ ದಂಡೆಗೆ ಬಂದು ಗೋಡೆ ನೋಡಿ ಹೋದರು.

ಜರ್ಮನಿಯಲ್ಲಿ ಗೋಡೆಯಿಂದ ಸೀಳಿದ ಏಕೈಕ ಹಳ್ಳಿ ಇದು ಎಂಬ ಮಾತನ್ನೂ ಒಪ್ಪಲಾಗದು. ಉತ್ತರದಲ್ಲಿ ಸಿಶೆರಿ ಮತ್ತು ಬೋಕ್‌ವಿಟ್ಸ್ ಎಂಬ ಜೋಡಿ ಊರುಗಳ ನಡುವೆಯೂ ಗೋಡೆ ಎದ್ದಿತ್ತು. ಥುರಿಂಗಿಯದ ಬಿಲ್‌ಮುಟ್‌ಹೌಸನ್ ಎಂಬ ಗಡಿಹಳ್ಳಿಯನ್ನಂತೂ 1978ರಲ್ಲಿ ಪೂರ್ತಿ ನೆಲಸಮ ಮಾಡಿದರು. ಊರಿನ ಅಭಿಮಾನಕ್ಕಾಗಿ ನೆರೆಯವರ ನೋವನ್ನು ಮರೆಸುವುದು ಸರಿಯಲ್ಲ.

ಬರ್ಲಿನ್ ಗೋಡೆ ತೆರೆದದ್ದು 1989ರ ನವೆಂಬರ್ 9ರಂದು. ಇಲ್ಲಿ ಮಾತ್ರ ಇನ್ನೂ ಒಂದು ತಿಂಗಳು ಕಾಯಬೇಕಾಯಿತು. ಕಾಲುನಡಿಗೆಗೆ ಗೋಡೆಯಲ್ಲಿ ದಾರಿ ಬಿಟ್ಟದ್ದು ಡಿಸೆಂಬರ್ 9ರಂದು. 1990ರ ಜೂನ್ 17ರಂದು ಯಂತ್ರ ತಂದು ಗೋಡೆ ಕೆಡವಿದರು. ನೂರು ಮೀಟರಿನಷ್ಟನ್ನು ಹಾಗೇ ಉಳಿಸಿ, ಕಾವಲು ಗೋಪುರ, ಬೇಲಿ ಸಮೇತ ಮ್ಯೂಸಿಯಂ ಮಾಡಿದ್ದಾರೆ. ಒಳ್ಳೆಯ ಕೆಲಸ. ವರ್ಷಕ್ಕೆ ಹತ್ತಾರು ಸಾವಿರ ಜನ ಬರುತ್ತಾರೆ, ಅವರಲ್ಲಿ ಶಾಲೆಯ ಮಕ್ಕಳೇ ಬಹಳ. 2015ರಲ್ಲಿ ಈ ಹಳ್ಳದ ಹೆಸರಿನಲ್ಲೇ ‘ಟಾನ್‌ಬಾಖ್’ ಎಂಬ ಟಿವಿ ಧಾರಾವಾಹಿ ಬಂತು. ಅದರ ಚಿತ್ರೀಕರಣ ಮಾತ್ರ ನಡೆದದ್ದು ಚೆಕ್ ದೇಶದಲ್ಲಿ. ಊರಿನವರಿಗೆ ಬೇಸರ ತರಬಹುದಾದ ಸಂಗತಿ.

ಗೋಡೆಯ ಒಂದೊಂದು ಅಂಗುಲಕ್ಕೂ ಈಗ ದಾಖಲೆಯಿದೆ. ಎರಡೂ ದಂಡೆಯ ಮಕ್ಕಳು ಒಟ್ಟಿಗೆ ಕಲಿತ ಆ ಶಾಲೆಯ ಬೆಂಚಿನಲ್ಲಿ ಕೂತವರು ಎಂಬತ್ತು ದಾಟಿದ್ದಾರೆ, ಬದುಕಿರುವವರು ಬೆರಳೆಣಿಕೆಯವರಿರಬಹುದು. ಮೇಷ್ಟ್ರು ಯಾರು, ಹೋಟೆಲಿನಲ್ಲಿ ಯಾರ ಮದುವೆಯ ಮಾತಾಯಿತು, ಟೋಪೆನ್ನಿನ ದಾರಿಯಲ್ಲಿ ಯಾರು ಯಾರ ಜೊತೆ ನಡೆದರು ಎಂಬುದನ್ನೆಲ್ಲ ಅವರೇ ಹೇಳಬೇಕು. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸ ಈಗಲೇ ಆಗಬೇಕು. ಆ ಕಡೆ ಹೋಗುವ ಕನ್ನಡಿಗರಲ್ಲೂ ಒಂದು ವಿನಂತಿ: ಗೋಡೆಯನ್ನು ನೋಡಿಯಾದ ಮೇಲೆ ಹಳ್ಳಕ್ಕೆ ಇಳಿದು 1810ರ ಬಾಂದುಗಲ್ಲನ್ನೂ ನೋಡಿ, ಶಾಲೆ ಯಾವ ದಂಡೆಯಲ್ಲಿತ್ತು ಎಂದು ಅಲ್ಲಿಯ ಹಿರಿಯರನ್ನು ಕೇಳಿ.